ಕಲ್ನಾರಿನ ಕ್ಯಾನ್ಸರ್: ಅನುಮಾನ ಬಂದ ದಿನದಿಂದ ಪರಿಹಾರದ ಅರ್ಜಿಯವರೆಗೆ ಯಾವ ಕೆಲಸ ಮೊದಲು, ಯಾವುದು ಆಮೇಲೆ

ಮಂಗಳೂರು, ಉಡುಪಿ ಕಡೆಯಿಂದ ಈ ವಿಷಯ ಕೇಳುವವರ ಕಥೆ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಅಪ್ಪನಿಗೋ ಮಾವನಿಗೋ ಎದೆಯಲ್ಲಿ ನೀರು ತುಂಬಿತು. ತೆಗೆಸಿದರು. ಮತ್ತೆ ತುಂಬಿತು. ಟಿಬಿ ಇರಬಹುದು ಎಂದು ಮಾತ್ರೆ ಶುರುವಾಯಿತು. ತಿಂಗಳುಗಟ್ಟಲೆ ಹೋದ ಮೇಲೆ ಬಯಾಪ್ಸಿ ಆಯಿತು, ಆಗ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರಿನ ಹೆಸರು ಹೊರಬಿತ್ತು. ಇದು ಕೆಲಸದಿಂದ ಬರುವ ಕಾಯಿಲೆ, ಪರಿಹಾರಕ್ಕೆ ಅರ್ಜಿ ಹಾಕಿ ಎಂದು ಯಾರೋ ಹೇಳಿದರು. ಹುಡುಕಿದರೆ ಹಳೆಯ ಕೆಲಸದ ಒಂದು ಕಾಗದವೂ ಮನೆಯಲ್ಲಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕೆಲಸದ ಬಗ್ಗೆ ಒಂದು ಸಾಲೂ ಇಲ್ಲ.

ಹೆಚ್ಚಿನವರು ಎಡವುವುದು ಕೆಲಸಗಳ ಕ್ರಮದಲ್ಲಿ. ಹಳೆಯ ಕೆಲಸದ ಪಟ್ಟಿ ಆಸ್ಪತ್ರೆಗೆ ಹೋಗುವ ಮೊದಲೇ ಆಗಬೇಕು. ಅದೊಂದು ಹಾಳೆ ಇದ್ದರೆ ಡಾಕ್ಟರ ಯೋಚನೆಯ ದಾರಿ ಬೇರೆಯಾಗುತ್ತದೆ, ವರದಿಯ ಬರಹ ಬೇರೆಯಾಗುತ್ತದೆ, ಆಮೇಲೆ ವಕೀಲರ ಕೆಲಸವೂ ಹಗುರವಾಗುತ್ತದೆ. ಕೆಳಗಿನ ಹಂತಗಳನ್ನು ಅದಕ್ಕೇ ಇದೇ ಕ್ರಮದಲ್ಲಿ ಇಟ್ಟಿದ್ದೇನೆ.

ಮೊದಲು ತಿಳಿದಿರಬೇಕಾದ ನಾಲ್ಕು ಮಾತು

ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಯಾವ ಬಗೆಯದಾದರೂ ಕ್ಯಾನ್ಸರ್ ತರಬಲ್ಲದು. ಬಿಳಿ, ಕಂದು, ನೀಲಿ ಎಲ್ಲವೂ. ಬಿಳಿಯದು ಸುರಕ್ಷಿತ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್ ಆದ ಮೆಸೊಥೆಲಿಯೋಮಾ, ಶ್ವಾಸಕೋಶದ ಕ್ಯಾನ್ಸರ್, ಗಂಟಲಿನ ಧ್ವನಿಪೆಟ್ಟಿಗೆ ಮತ್ತು ಅಂಡಾಶಯದ ಕ್ಯಾನ್ಸರ್, ಇಷ್ಟಕ್ಕೂ ಇದು ಕಾರಣವೆಂದು ಗಟ್ಟಿಯಾಗಿ ಸಾಬೀತಾಗಿದೆ. ಮೆಸೊಥೆಲಿಯೋಮಾ ಹೊಟ್ಟೆಯ ಒಳಪೊರೆಗೂ ಬರಬಹುದು.

ಧೂಳು ಕುಡಿದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 50 ವರ್ಷ ಹಿಡಿಯುತ್ತದೆ. ಹಾಗಾಗಿ ಇವತ್ತಿನ ಕೆಲಸ ಕೇಳಿ ಪ್ರಯೋಜನ ಇಲ್ಲ. ಮದುವೆಗೆ ಮುಂಚೆ ಏನು ಮಾಡುತ್ತಿದ್ದರು ಎಂದು ಕೇಳಬೇಕು.

ಬೀಡಿ, ಸಿಗರೇಟು ಮೆಸೊಥೆಲಿಯೋಮಾಕ್ಕೆ ಕಾರಣ ಅಲ್ಲ. ಆದರೆ ಕಲ್ನಾರಿನ ಧೂಳು ಮತ್ತು ಹೊಗೆ ಒಟ್ಟಾದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಎಷ್ಟೋ ಪಟ್ಟು ಹೆಚ್ಚುತ್ತದೆ. "ಅವರು ಬೀಡಿ ಸೇದುತ್ತಿದ್ದರು, ಅದಕ್ಕೇ ಬಂತು" ಎಂದು ಕಡತ ಮುಚ್ಚಿಬಿಡುವುದು ಎರಡೂ ಕಡೆ ಆಗುತ್ತದೆ, ಮನೆಯಲ್ಲೂ ಆಸ್ಪತ್ರೆಯಲ್ಲೂ.

ಮಾಡಿಗೆ ಹಾಕಿದ ಸಿಮೆಂಟ್ ಶೀಟು ಒಡೆಯದೆ ಸುಮ್ನೆ ಇದ್ದರೆ ಅದರಿಂದ ಹೊರಬರುವ ನಾರು ಬಹಳ ಕಡಿಮೆ. ಅಪಾಯ ಜಾಸ್ತಿ ಇರುವುದು ಕತ್ತರಿಸುವಾಗ, ಉಜ್ಜುವಾಗ, ಒಡೆಯುವಾಗ, ಪೈಪಿನ ಹೊದಿಕೆ ಕೀಳುವಾಗ.

ಕೈಯಲ್ಲಿ ಇರಬೇಕಾದ್ದು

ಜೇಬುಗಳಿರುವ ಒಂದು ಪ್ಲಾಸ್ಟಿಕ್ ಫೈಲು, ಒಂದು ಇನ್ನೂರು ಪುಟದ ನೋಟ್‌ಬುಕ್, ಫೋಟೊ ಸರಿಯಾಗಿ ಬೀಳುವ ಫೋನು. ಆಧಾರ್, ರೇಷನ್ ಕಾರ್ಡ್. ಹಳೆಯ ಪಾಸ್‌ಪೋರ್ಟ್‌ಗಳು, ಅವಧಿ ಮುಗಿದಿದ್ದರೂ ಸರಿ. ಹಡಗಿನಲ್ಲಿದ್ದವರಾದರೆ ಸಿಡಿಸಿ, ಅಂದರೆ ನಾವಿಕರ ಸೇವೆಯ ದಾಖಲೆ ಪುಸ್ತಕ. ಕಾರ್ಖಾನೆಯಲ್ಲಿದ್ದವರಾದರೆ ಇಎಸ್‌ಐ (ನೌಕರರ ವಿಮೆ) ಕಾರ್ಡು, ಪಿಎಫ್ ಚೀಟಿ, ಗೇಟ್ ಪಾಸ್, ಸರ್ವಿಸ್ ಸರ್ಟಿಫಿಕೇಟ್.

ಒಂದು ನಿಯಮ ಈಗಲೇ ಹಾಕಿಕೊಳ್ಳಿ: ಮೂಲ ಕಾಗದ ಮನೆಯಿಂದ ಹೊರಗೆ ಹೋದರೂ ಯಾರ ಮೇಜಿನ ಮೇಲೂ ಉಳಿಯಬಾರದು. ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತನ್ನಿ.

ಹಂತ 1: ಕೆಲಸದ ಪಟ್ಟಿ ಬರೆಯಿರಿ

ಇದಕ್ಕೆ ಒಂದು ಇಡೀ ಸಂಜೆ ಬೇಕು. ಅವಸರ ಮಾಡಿದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ.

"ಅಪ್ಪ, ನೀವು ಆಸ್ಬೆಸ್ಟಾಸ್ ಕೆಲಸ ಮಾಡಿದ್ದೀರಾ?" ಎಂದು ಕೇಳಬೇಡಿ. ಇಲ್ಲ ಅನ್ನುತ್ತಾರೆ. ಆ ಹೆಸರೇ ಅವರಿಗೆ ಗೊತ್ತಿರುವುದಿಲ್ಲ. ಬದಲಿಗೆ ಹೀಗೆ ಕೇಳಿ: ಬಿಸಿ ಪೈಪಿಗೆ ಏನು ಸುತ್ತುತ್ತಿದ್ದಿರಿ? ಬಾಯ್ಲರ್ ರಿಪೇರಿ ಮಾಡುವಾಗ ಬಿಳಿ ಹಗ್ಗ, ಬಿಳಿ ಬಟ್ಟೆ, ಪ್ಲಾಸ್ಟರಿನಂಥದ್ದು ಕೀಳುತ್ತಿದ್ದಿರಾ? ಗ್ಯಾಸ್ಕೆಟ್ ಶೀಟು ಕತ್ತರಿಸುತ್ತಿದ್ದಿರಾ? ಗ್ಯಾರೇಜಿನಲ್ಲಿ ಬ್ರೇಕ್ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ತೆಗೆಯುತ್ತಿದ್ದಿರಾ? ಶೀಟು ಗರಗಸದಲ್ಲಿ ಕೊಯ್ದಿದ್ದೀರಾ? ನೀವು ಮಾಡದಿದ್ದರೂ ಪಕ್ಕದಲ್ಲಿ ಯಾರಾದರೂ ಅದನ್ನು ಮಾಡುತ್ತಿದ್ದರಾ?

ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ವೆಲ್ಡರ್, ಎಲೆಕ್ಟ್ರಿಷಿಯನ್, ಪೇಂಟರ್, ಸ್ಟೋರ್ ನೋಡಿಕೊಳ್ಳುವವರು ಕಲ್ನಾರನ್ನು ಕೈಯಲ್ಲಿ ಮುಟ್ಟಿರುವುದಿಲ್ಲ. ಧೂಳು ಮಾತ್ರ ಕುಡಿದಿರುತ್ತಾರೆ.

ನಮ್ಮ ಕರಾವಳಿಯಲ್ಲಿ ಮೂರು ದಾರಿಗಳನ್ನು ವಿಶೇಷವಾಗಿ ಕೆದಕಬೇಕು. ಒಂದು, ಹಡಗು. ಹಳೆಯ ಹಡಗುಗಳ ಎಂಜಿನ್ ರೂಮಿನಲ್ಲಿ ಕಲ್ನಾರಿನ ಹೊದಿಕೆ ಮಾಮೂಲು. ಹಡಗಿಗೆ ಹೊಸದಾಗಿ ಕಲ್ನಾರು ಹಾಕುವುದನ್ನು ಅಂತಾರಾಷ್ಟ್ರೀಯ ನಿಯಮ ತಡೆದದ್ದು 2002ರ ಜುಲೈಯಿಂದ, ಅದೂ ಕೆಲವು ವಿನಾಯಿತಿಗಳ ಜೊತೆ. ಪೂರ್ತಿ ನಿಂತದ್ದು 2011ರ ಜನವರಿಯಿಂದ. ಎರಡು, ಗಲ್ಫ್. ರಿಫೈನರಿ, ಪವರ್ ಪ್ಲಾಂಟ್, ಕಟ್ಟಡ ಒಡೆಯುವ ಕೆಲಸಕ್ಕೆ ಹೋದವರು ನಮ್ಮಲ್ಲಿ ಎಷ್ಟೋ ಮಂದಿ. ಮೂರು, ಮುಂಬೈ. ಡಾಕ್, ಮಿಲ್ಲು, ವರ್ಕ್‌ಶಾಪ್‌ನಲ್ಲಿ ಹತ್ತು ವರ್ಷ ದುಡಿದು ಊರಿಗೆ ಬಂದು ಅಂಗಡಿ ಇಟ್ಟವರನ್ನು ಮನೆಯವರು "ಅಂಗಡಿಯವರು" ಎಂದೇ ನೆನಪಿಟ್ಟುಕೊಂಡಿರುತ್ತಾರೆ. ಆಸ್ಪತ್ರೆಯ ಚೀಟಿಯಲ್ಲೂ ಉದ್ಯೋಗ: ವ್ಯಾಪಾರ!

ಪ್ರತಿ ಕೆಲಸಕ್ಕೂ ಐದು ವಿಷಯ ಬರೆಯಿರಿ: ವರ್ಷ, ಊರು, ಯಾರ ಕೈಕೆಳಗೆ, ಕೈಯಿಂದ ಮಾಡಿದ ಕೆಲಸ, ಧೂಳು. ಮಾದರಿಗೆ ಒಂದು ಸಾಲು ಹೀಗಿರಲಿ:

"1981ರಿಂದ 1987. ಮುಂಬೈ. ಹಡಗು ರಿಪೇರಿ ಕಂಟ್ರಾಕ್ಟರ್ ಹತ್ತಿರ ಫಿಟ್ಟರ್. ಎಂಜಿನ್ ರೂಮಿನ ಪೈಪಿನ ಹಳೆಯ ಬಿಳಿ ಹೊದಿಕೆ ಸುತ್ತಿಗೆಯಿಂದ ಒಡೆದು ತೆಗೆಯುವುದು, ಹೊಸದು ಸುತ್ತುವುದು. ಮೂಗಿಗೆ ಕರ್ಚೀಫು ಮಾತ್ರ. ಬಟ್ಟೆ ಖೋಲಿಗೆ ತಂದು ಒಗೆಯುತ್ತಿದ್ದರು."

ಅವರು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ನೀವು ತಿದ್ದಿ ಚಂದ ಮಾಡಲು ಹೋಗಬೇಡಿ. ವರ್ಷ ನೆನಪಾಗದಿದ್ದರೆ ಮದುವೆ, ಮಕ್ಕಳು ಹುಟ್ಟಿದ್ದು, ಮನೆಯ ಒಕ್ಕಲು, ಇವುಗಳ ಲೆಕ್ಕದಲ್ಲಿ ಹಿಡಿಯಿರಿ. ಹಡಗಿನವರಿಗೆ ಇದು ಸುಲಭ. ಸಿಡಿಸಿಯಲ್ಲಿ ಹತ್ತಿದ ದಿನ, ಇಳಿದ ದಿನ, ಹಡಗಿನ ಹೆಸರು ಎಲ್ಲಾ ಇರುತ್ತದೆ. ಗಲ್ಫಿನವರಿಗೆ ಪಾಸ್‌ಪೋರ್ಟಿನ ವೀಸಾ ಪುಟವೇ ಸಾಕ್ಷಿ.

ಕೊನೆಗೆ ಜೊತೆಗೆ ದುಡಿದ ಇಬ್ಬರು ಮೂವರ ಹೆಸರು, ಈಗ ಎಲ್ಲಿದ್ದಾರೆ ಎಂಬುದು. ಕಾಗದ ಇಲ್ಲದವರಿಗೆ ಇವರೇ ಆಧಾರ.

ಅಮ್ಮನ ಪಟ್ಟಿಯನ್ನೂ ಮಾಡಿ. ಗಂಡನ ಕೆಲಸದ ಬಟ್ಟೆಯನ್ನು ಒಗೆಯುವ ಕಲ್ಲಿನ ಮೇಲೆ ಕೊಡವಿ ಒಗೆದ ಹೆಂಗಸರಿಗೂ ಈ ಕಾಯಿಲೆ ಬಂದಿರುವುದು ವೈದ್ಯಕೀಯ ದಾಖಲೆಗಳಲ್ಲಿದೆ.

ಹಂತ 2: ಸರಿಯಾದ ಡಾಕ್ಟರ ಮುಂದೆ ಸರಿಯಾದ ಮಾತು

ಅನುಮಾನ ಪಡಬೇಕಾದ ಲಕ್ಷಣಗಳು: ಎದೆಯ ಒಂದೇ ಬದಿಯಲ್ಲಿ ಬಿಡದ ನೋವು, ಮೆಟ್ಟಿಲು ಹತ್ತಿದರೆ ದಮ್ಮು, ಒಣ ಕೆಮ್ಮು, ಕಾರಣ ಇಲ್ಲದೆ ತೂಕ ಇಳಿಯುವುದು, ಒಂದು ಬದಿಯ ಎದೆಯಲ್ಲಿ ನೀರು. ಕಫದಲ್ಲಿ ರಕ್ತ, ಬಿಡದ ಗೊಗ್ಗರು ಧ್ವನಿ ಇದ್ದರೂ ತಡ ಮಾಡಬೇಡಿ. ಹೊಟ್ಟೆಯ ಪೊರೆಗೆ ಬಂದರೆ ಹೊಟ್ಟೆ ಉಬ್ಬುತ್ತದೆ, ಅದನ್ನು ಗ್ಯಾಸ್ ಎಂದು ತಿಂಗಳುಗಟ್ಟಲೆ ತಳ್ಳುತ್ತಾರೆ.

ಶ್ವಾಸಕೋಶ ತಜ್ಞರನ್ನೇ ಕಾಣಿ. ಮಂಗಳೂರಿನಲ್ಲಿ ಸರಕಾರಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಮಂಗಳೂರು ಮತ್ತು ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಈ ವಿಭಾಗ ಇದೆ. ಈ ಮಟ್ಟಿಗೆ ನಮ್ಮ ಎರಡು ಜಿಲ್ಲೆಯವರು ಪುಣ್ಯವಂತರೇ. ಬೆಂಗಳೂರಿಗೆ ಓಡುವ ಮೊದಲು ಇಲ್ಲಿ ಆಗುವುದನ್ನು ಇಲ್ಲೇ ಮುಗಿಸಿ.

ಒಳಗೆ ಹೋದ ತಕ್ಷಣ ಕೆಲಸದ ಪಟ್ಟಿಯ ಜೆರಾಕ್ಸ್ ಕೊಡಿ. ಬಾಯಲ್ಲಿ ಒಂದೇ ವಾಕ್ಯ ಸಾಕು: "ಸರ್, ಇವರು ಇಂಥ ವರ್ಷಗಳಲ್ಲಿ ಕಲ್ನಾರಿನ ಧೂಳಿನಲ್ಲಿ ಕೆಲಸ ಮಾಡಿದ್ದಾರೆ. ಇದನ್ನು ಕೇಸ್ ಶೀಟಿನಲ್ಲಿ ಬರೆದುಕೊಳ್ಳಿ." "ಗಲ್ಫ್‌ನಲ್ಲಿದ್ದರು" ಎಂದಷ್ಟೇ ಹೇಳಿದರೆ ಅದರಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಒಪಿಡಿಯಲ್ಲಿ ಅವರ ಬಳಿ ಇರುವ ಹೊತ್ತು ಎಷ್ಟು ಎಂದು ನಿಮಗೂ ಗೊತ್ತು, ಅಲ್ವಾ?

ಹಂತ 3: ನೀರಿನ ಪರೀಕ್ಷೆಯಲ್ಲೇ ನಿಲ್ಲಬೇಡಿ, ಬಯಾಪ್ಸಿ ಮಾಡಿಸಿ

ಅತಿ ಹೆಚ್ಚು ಸಮಯ ಹಾಳಾಗುವುದು ಇಲ್ಲಿ.

ಎದೆಯಲ್ಲಿ ನೀರು ಕಂಡರೆ ನಮ್ಮ ಡಾಕ್ಟರು ಮೊದಲು ಟಿಬಿ ಎಂದು ಯೋಚಿಸುವುದು ತಪ್ಪಲ್ಲ. ನಮ್ಮ ದೇಶದಲ್ಲಿ ಟಿಬಿಯೇ ಜಾಸ್ತಿ. ನೀರಿನಲ್ಲಿ ಎಡಿಎ ಎಂಬ ಅಂಶ ಹೆಚ್ಚಿದ್ದರೆ ಟಿಬಿ ಕಡೆಗೆ ಬೆರಳು ತೋರಿಸುತ್ತದೆ. ಆದರೆ ಕೆಲವು ಕ್ಯಾನ್ಸರುಗಳಲ್ಲೂ ಎಡಿಎ ಏರಬಹುದು. ನೀರಿನಲ್ಲಿ ಕ್ಯಾನ್ಸರ್ ಕಣ ಸಿಗಲಿಲ್ಲ ಎಂಬ ವರದಿಯನ್ನೂ ನೆಚ್ಚಿ ಕೂರುವಂತಿಲ್ಲ. ಮೆಸೊಥೆಲಿಯೋಮಾ ಇದ್ದರೂ ನೀರಿನಲ್ಲಿ ಕಣ ಸಿಗದೇ ಇರುವುದು ಮಾಮೂಲು.

ಎಚ್ಚರಿಕೆಯ ಗುರುತುಗಳು ಇವು: ತೆಗೆಸಿದ ನೀರು ಕೆಲವೇ ವಾರದಲ್ಲಿ ಮತ್ತೆ ತುಂಬುವುದು. ನೀರು ರಕ್ತಬಣ್ಣ ಇರುವುದು. ಸ್ಕ್ಯಾನಿನಲ್ಲಿ ಪೊರೆ ದಪ್ಪಗಾಗಿ ಗಂಟುಗಂಟಾಗಿದೆ ಎಂದು ಬರೆದಿರುವುದು. ಟಿಬಿ ಮಾತ್ರೆ ಶುರುವಾಗಿ ಒಂದೆರಡು ತಿಂಗಳಾದರೂ ನೋವು, ತೂಕ ಎರಡೂ ಸುಧಾರಿಸದಿರುವುದು. ಕಲ್ನಾರಿನ ಕೆಲಸದ ಹಿನ್ನೆಲೆ ಇದ್ದು ಇವುಗಳಲ್ಲಿ ಒಂದು ಕಂಡರೂ "ಬಯಾಪ್ಸಿ ಮಾಡಬಹುದಾ ಸರ್?" ಎಂದು ನೇರ ಕೇಳಿ. ಟಿಬಿ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಕ್ರಮ ಹೀಗಿರುತ್ತದೆ. ಕಾಂಟ್ರಾಸ್ಟ್ ಹಾಕಿ ಎದೆಯ ಸಿಟಿ ಸ್ಕ್ಯಾನ್. ನಂತರ ಥೊರಾಕೊಸ್ಕೋಪಿ, ಅಂದರೆ ಪಕ್ಕೆಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಪೊರೆಯ ಚೂರು ತೆಗೆಯುವುದು. ಆಗದಿದ್ದರೆ ಸ್ಕ್ಯಾನ್ ನೋಡಿಕೊಂಡು ಸೂಜಿಯಿಂದ ತೆಗೆಯುತ್ತಾರೆ. ಕ್ಯಾಮೆರಾ ಹಾಕಿ ತೆಗೆದರೆ ಚೂರು ದೊಡ್ಡದು ಸಿಗುತ್ತದೆ, ಉತ್ತರ ಹೆಚ್ಚು ಖಚಿತ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ಮುಂಚೆಯೇ ಹೇಳಿ.

ಬಯಾಪ್ಸಿಯ ಸಾಮಾನ್ಯ ವರದಿ ಸಾಲದು. ಐಎಚ್‌ಸಿ ಎಂಬ ಬಣ್ಣದ ಪರೀಕ್ಷೆ ಆಗಲೇಬೇಕು. ಶ್ವಾಸಕೋಶದ ಕ್ಯಾನ್ಸರು ಪೊರೆಗೆ ಹರಡಿದೆಯೋ, ಪೊರೆಯಲ್ಲೇ ಹುಟ್ಟಿದ ಮೆಸೊಥೆಲಿಯೋಮಾವೋ ಎಂದು ಬೇರ್ಪಡಿಸುವುದು ಅದೇ. ವರದಿಯಲ್ಲಿ ಕ್ಯಾಲ್ರೆಟಿನಿನ್, ಡಬ್ಲ್ಯುಟಿ-1 ಪಾಸಿಟಿವ್, ಟಿಟಿಎಫ್-1 ನೆಗೆಟಿವ್ ಎಂಬಂಥ ಸಾಲುಗಳಿದ್ದರೆ ಆ ಪರೀಕ್ಷೆ ಆಗಿದೆ ಎಂದರ್ಥ. ಜಾತಿಯನ್ನೂ ಬರೆದಿರುತ್ತಾರೆ: ಎಪಿಥೆಲಿಯಾಯ್ಡ್, ಸಾರ್ಕೊಮಟಾಯ್ಡ್, ಇಲ್ಲವೇ ಎರಡೂ ಬೆರೆತದ್ದು. ಚಿಕಿತ್ಸೆಯ ಆಯ್ಕೆ ಇದರ ಮೇಲೆ ನಿಂತಿದೆ.

ಹೆಚ್ಚಿನವರು ಮರೆಯುವ ವಸ್ತು ಒಂದಿದೆ: ಮೇಣದ ಬ್ಲಾಕ್. ನಿಮ್ಮ ಬಯಾಪ್ಸಿ ಚೂರನ್ನು ಸಣ್ಣ ಮೇಣದ ತುಂಡಿನಲ್ಲಿ ಹುದುಗಿಸಿ, ನಂಬರು ಹಾಕಿ ಪೆಥಾಲಜಿ ವಿಭಾಗದಲ್ಲಿ ಇಟ್ಟಿರುತ್ತಾರೆ. ಬೇರೆ ಕಡೆ ಎರಡನೇ ಅಭಿಪ್ರಾಯ ಬೇಕಾದರೆ ಕಾಗದ ಸಾಲದು, ಬ್ಲಾಕ್ ಮತ್ತು ಸ್ಲೈಡ್ ಕೇಳುತ್ತಾರೆ. ಅದು ಕಳೆದರೆ ರೋಗಿಗೆ ಇನ್ನೊಂದು ಬಯಾಪ್ಸಿ. ಆ ನಂಬರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಸ್ಕ್ಯಾನಿನ ಸಿಡಿಯನ್ನೂ ಕೇಳಿ ಪಡೆಯಿರಿ, ಬರೀ ಫಿಲ್ಮ್ ಸಾಲದು.

ಹಂತ 4: ಡಿಸ್ಚಾರ್ಜ್ ಸಮ್ಮರಿ ಓದದೆ ಆಸ್ಪತ್ರೆ ಬಿಡಬೇಡಿ

ಬಿಲ್ಲು ಕಟ್ಟುವ ಗಡಿಬಿಡಿಯಲ್ಲಿ ಈ ಕಾಗದವನ್ನು ಮಡಚಿ ಚೀಲಕ್ಕೆ ಹಾಕುತ್ತೇವೆ. ಮುಂದೆ ಕಚೇರಿಗಳಲ್ಲಿ ಮೊದಲು ಕೇಳುವುದು ಇದನ್ನೇ.

ಮೂರು ವಿಷಯ ಅದರಲ್ಲಿ ಇದೆಯಾ ನೋಡಿ. ಕಾಯಿಲೆಯ ಪೂರ್ತಿ ಹೆಸರು. ಬಯಾಪ್ಸಿ ನಂಬರು ಮತ್ತು ದಿನ. ಕಲ್ನಾರಿನ ಕೆಲಸದ ಹಿನ್ನೆಲೆ, ವರ್ಷಗಳ ಸಮೇತ. ಮೂರನೆಯದು ಬಹುತೇಕ ಇರುವುದಿಲ್ಲ. ಆಗ ವಿನಯದಿಂದ ಕೇಳಿ: "ಕೇಸ್ ಶೀಟಿನಲ್ಲಿ ಬರೆದಿದ್ದೀರಲ್ಲ ಡಾಕ್ಟ್ರೇ, ಅದನ್ನೇ ಸಮ್ಮರಿಯಲ್ಲೂ ಒಂದು ಸಾಲು ಸೇರಿಸಿ ಕೊಡಿ." ಹಂತ 2ರಲ್ಲಿ ಪಟ್ಟಿ ಕೊಟ್ಟಿದ್ದರೆ ಇದಕ್ಕೆ ಯಾರೂ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಕೊನೆಯ ದಿನ ಹೊಸದಾಗಿ ಹೇಳಿದರೆ ಪರಿಹಾರಕ್ಕಾಗಿ ಕಟ್ಟಿದ ಕಥೆಯಂತೆ ಕಾಣುತ್ತದೆ.

"ಇದೇ ಕಾರಣ ಎಂದು ಬರೆದುಕೊಡಿ" ಎಂದು ಒತ್ತಾಯಿಸಬೇಡಿ. ಡಾಕ್ಟರಿಗೆ ಇಕ್ಕಟ್ಟಾಗುತ್ತದೆ. ಹಿನ್ನೆಲೆ ದಾಖಲಾದರೆ ಸಾಕು.

ಹಂತ 5: ದುಡ್ಡಿನ ದಾರಿ, ಚಿಕಿತ್ಸೆ ಶುರುವಾಗುವ ಮೊದಲು

ಮೊದಲ ಪ್ರಶ್ನೆ: ಇಎಸ್‌ಐ ಇತ್ತಾ? ಐದು ವರ್ಷಕ್ಕಿಂತ ಕಡಿಮೆಯಿಲ್ಲದೆ ಇಎಸ್‌ಐಯಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಸಂಗಾತಿಗೂ ವೈದ್ಯಕೀಯ ಸೌಲಭ್ಯ ಪಡೆಯಬಹುದು. ಇದು ಗೊತ್ತಿಲ್ಲದೆ ಲಕ್ಷಗಟ್ಟಲೆ ಸಾಲ ಮಾಡಿದವರಿದ್ದಾರೆ. ಮಂಗಳೂರಿನ ಇಎಸ್‌ಐ ಆಸ್ಪತ್ರೆ ಕದ್ರಿ ಶಿವಬಾಗ್‌ನಲ್ಲಿದೆ. ಹಳೆಯ ಇನ್ಶೂರೆನ್ಸ್ ನಂಬರು ಹಿಡಿದುಕೊಂಡು ಹೋಗಿ.

ಎರಡನೆಯದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಇಲ್ಲಿ ಎಡವುವುದು ರೆಫರಲ್‌ನಲ್ಲಿ. ತುರ್ತು ಅಲ್ಲದ ಚಿಕಿತ್ಸೆಗೆ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಮೊದಲೇ ಖಾಸಗಿ ಆಸ್ಪತ್ರೆಗೆ ಸೇರಿ, ಬಿಲ್ಲು ಏರಿದ ಮೇಲೆ ಪತ್ರಕ್ಕೆ ಓಡಿದರೆ ಹಿಂದಿನ ಖರ್ಚು ಕೈಬಿಟ್ಟಂತೆಯೇ. ಯೋಜನೆಗೆ ಒಳಪಟ್ಟ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಯಾವ ಔಷಧಿ ಪ್ಯಾಕೇಜಿನೊಳಗೆ, ಯಾವುದು ಹೊರಗೆ ಎಂದು ದಾಖಲಾಗುವ ಮುಂಚೆ ಅವರನ್ನೇ ಕೇಳಿ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಮುಂಬೈಗೋ ಹೋಗಬೇಕಾದರೆ ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಟಿಕೆಟ್ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ಶೇಕಡಾ 75 ರಿಯಾಯಿತಿ. ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲಿ ಪತ್ರ ಬೇಕು. ಮನೆಯಲ್ಲಿ ಯಾರಾದರೂ ಇನ್ನೂ ಕೆಲಸದಲ್ಲಿದ್ದರೆ ಪಿಎಫ್‌ನಿಂದ ಚಿಕಿತ್ಸೆಗೆ ಮುಂಗಡ ತೆಗೆಯಬಹುದು.

ಹಂತ 6: ಚಿಕಿತ್ಸೆ ಮತ್ತು ನೋವು, ಎರಡೂ ಒಟ್ಟಿಗೆ

ಮೆಸೊಥೆಲಿಯೋಮಾ ಪೂರ್ತಿ ವಾಸಿಯಾಗುವುದು ಬಹಳ ಅಪರೂಪ. ಇದನ್ನು ಮುಚ್ಚಿಟ್ಟು ಬರೆದರೆ ಓದುವವರಿಗೆ ಮೋಸ. ಆದರೆ ಮಾಡಲು ಏನೂ ಇಲ್ಲ ಎಂಬ ಮಾತೂ ಸುಳ್ಳು.

ನೀರು ಪದೇ ಪದೇ ತುಂಬಿದರೆ ಪ್ರತಿಸಲ ಸೂಜಿ ಹಾಕಿಸಿಕೊಳ್ಳುವ ಬದಲು ಎರಡು ದಾರಿ ಇವೆ. ಒಂದು ಪ್ಲೂರೊಡೆಸಿಸ್, ಪೊರೆಗಳ ನಡುವಿನ ಜಾಗವನ್ನು ಔಷಧಿಯಿಂದ ಅಂಟಿಸುವುದು. ಇನ್ನೊಂದು, ಮನೆಯಲ್ಲೇ ನೀರು ತೆಗೆಯಲು ಬರುವ ತೆಳು ಕೊಳವೆ. ಬಯಾಪ್ಸಿಯ ಹೊತ್ತಿಗೇ ಮೊದಲನೆಯದನ್ನು ಮಾಡಲು ಕೆಲವೊಮ್ಮೆ ಸಾಧ್ಯ. ಮೊದಲೇ ಕೇಳಿ.

ಕೀಮೊ ಎಂದರೆ ಸಾಮಾನ್ಯವಾಗಿ ಪೆಮೆಟ್ರೆಕ್ಸೆಡ್ ಜೊತೆ ಸಿಸ್ಪ್ಲಾಟಿನ್ ಅಥವಾ ಕಾರ್ಬೊಪ್ಲಾಟಿನ್. ಪೆಮೆಟ್ರೆಕ್ಸೆಡ್‌ಗೆ ಸುಮಾರು ಒಂದು ವಾರ ಮುಂಚೆ ಫೋಲಿಕ್ ಆ್ಯಸಿಡ್ ಮಾತ್ರೆ ಮತ್ತು ಬಿ12 ಚುಚ್ಚುಮದ್ದು ಶುರುವಾಗಿರಬೇಕು. ಇದು ಸಣ್ಣ ವಿಷಯದಂತೆ ಕಾಣುತ್ತದೆ. ತಪ್ಪಿದರೆ ಅಡ್ಡಪರಿಣಾಮ ಜೋರಾಗುತ್ತದೆ. ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಇಮ್ಯುನೊಥೆರಪಿಯೂ ಇದೆ. ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಜೋಡಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ಭಾರಿ. ಮನೆ ಅಡವಿಡುವ ಮೊದಲು "ಇವರ ಜಾತಿಯ ಮೆಸೊಥೆಲಿಯೋಮಾಕ್ಕೆ ಇದರಿಂದ ಎಷ್ಟು ಉಪಯೋಗ?" ಎಂದು ಬಿಡಿಸಿ ಕೇಳಿ.

ಪ್ಯಾಲಿಯೇಟಿವ್ ಕೇರ್, ಅಂದರೆ ನೋವು, ಸಂಕಟ ಕಡಿಮೆ ಮಾಡುವ ಆರೈಕೆ, ಕೊನೆಯ ದಿನಗಳದ್ದು ಎಂದು ಎಲ್ಲರೂ ಹೆದರುತ್ತಾರೆ. ಮೊದಲ ತಿಂಗಳಿಂದಲೇ ಅಲ್ಲಿ ಹೆಸರು ಬರೆಸಿ. ಈ ಕಾಯಿಲೆಯಲ್ಲಿ ನೋವು, ದಮ್ಮು ಎರಡೂ ಜೋರು. ಮಣಿಪಾಲದ ಕಸ್ತೂರ್ಬಾದಲ್ಲಿ ಇದಕ್ಕೇ ವಿಭಾಗವಿದೆ. ಡಾಕ್ಟರು ಹೇಳಿದ ಪ್ರಮಾಣದಲ್ಲಿ ಮಾರ್ಫಿನ್ ಮಾತ್ರೆ ಕೊಟ್ಟರೆ ಚಟ ಹತ್ತುತ್ತದೆ ಎಂದು ಅರ್ಧ ಮಾತ್ರೆ ಕೊಡುವ ಮನೆಗಳಿವೆ. ಹಾಗೆ ಮಾಡಬೇಡಿ, ಅವರು ನರಳುತ್ತಾರೆ ಅಷ್ಟೇ. ಮಾರ್ಫಿನ್‌ನಿಂದ ಮಲಬದ್ಧತೆ ಖಂಡಿತ, ಅದಕ್ಕೆ ಜೊತೆಗೇ ಔಷಧಿ ಕೇಳಿ ಪಡೆಯಿರಿ. ದಮ್ಮು ಹತ್ತಿದಾಗ ದಿಂಬಿಗೆ ಒರಗಿಸಿ ಕೂರಿಸಿ, ಸಣ್ಣ ಫ್ಯಾನಿನ ಗಾಳಿ ಮುಖಕ್ಕೆ ಬೀಳುವಂತೆ ಇಟ್ಟರೆ ನಿಜಕ್ಕೂ ಹಗುರ ಆಗುತ್ತದೆ. ಊಟ ಸೇರದಿದ್ದರೆ ಗಂಜಿಯನ್ನೇ ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ.

ಇವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ: ಕೀಮೊ ನಡೆಯುತ್ತಿರುವಾಗ 100.4 ಡಿಗ್ರಿ ದಾಟಿದ ಜ್ವರ, ಇದ್ದಕ್ಕಿದ್ದಂತೆ ಏರಿದ ದಮ್ಮು, ಒಂದೇ ಕಾಲಿನ ಊತ, ಮುಖ ಮತ್ತು ಕತ್ತಿನ ಊತ, ಬಾಯಿಯಿಂದ ರಕ್ತ, ಮಾತಿನಲ್ಲಿ ಗೊಂದಲ.

ಹಂತ 7: ಪರಿಹಾರದ ಅರ್ಜಿ

ಕಾನೂನಿನ ಬಲ ಇದೆ. ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೆಸೊಥೆಲಿಯೋಮಾ ಎರಡೂ 1923ರ ನೌಕರರ ಪರಿಹಾರ ಕಾಯಿದೆಯ ಮೂರನೇ ಅನುಸೂಚಿಯಲ್ಲಿ ಔದ್ಯೋಗಿಕ ಕಾಯಿಲೆಗಳೆಂದು ಸೇರಿವೆ. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ನಿಮ್ಮ ಅರ್ಜಿ ಯಾವುದರ ಅಡಿಯಲ್ಲಿ ಎಂಬುದನ್ನು ವಕೀಲರು ನೋಡಲಿ. ನೀವು ನೋಡಬೇಕಾದ್ದು ಕ್ರಮ.

ಮೊದಲು, ಇಎಸ್‌ಐ ಇದ್ದವರು ಇಎಸ್‌ಐಯಲ್ಲೇ ಕೇಳಬೇಕು. ಅಲ್ಲಿ ಪರಿಹಾರ ಸಿಗುವಂಥವರು ಮಾಲೀಕರಿಂದ ಬೇರೆ ಪರಿಹಾರ ಕೇಳಲು ಬರುವುದಿಲ್ಲ. ಇದನ್ನು ನೋಡದೆ ಕೋರ್ಟಿಗೆ ಹೋಗಿ ಎರಡು ವರ್ಷ ಕಳೆದುಕೊಂಡರೆ ವಾಪಸ್ ಸಿಗದು.

ಎರಡನೆಯದು, ಹಳೆಯ ಕಂಪನಿಗೆ ಪತ್ರ. 1995ರ ಜನವರಿ 27ರಂದು ಸುಪ್ರೀಂ ಕೋರ್ಟ್ ಕಲ್ನಾರಿನ ಕಾರ್ಖಾನೆಗಳಿಗೆ ಒಂದು ಆದೇಶ ಕೊಟ್ಟಿದೆ. ಪ್ರತಿ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಟ್ಟುಕೊಳ್ಳಬೇಕು. ಪತ್ರದಲ್ಲಿ ಈ ಆದೇಶವನ್ನು ಹೆಸರಿಸಿ, ಸರ್ವಿಸ್ ಸರ್ಟಿಫಿಕೇಟ್ ಮತ್ತು ಆರೋಗ್ಯ ದಾಖಲೆಯ ಪ್ರತಿ ಕೇಳಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಬಂದರು, ಸರಕಾರಿ ಕಂಪನಿ ಆಗಿದ್ದರೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಯೇ ಚುರುಕು. ಕೇಂದ್ರದ ಸಂಸ್ಥೆಗಳಿಗೆ ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನದ ಗಡುವು.

ಮೂರನೆಯದು, ಗಡುವು. ಅರ್ಜಿಗೆ ಎರಡು ವರ್ಷದ ಮಿತಿ ಇದೆ. ಕೆಲಸ ಬಿಟ್ಟು ದಶಕಗಳಾದ ಮೇಲೆ ಬರುವ ಕಾಯಿಲೆಗೆ ಈ ಲೆಕ್ಕ ಹೊಂದುವುದೇ ಕಷ್ಟ. ಎದುರು ವಕೀಲರು ಹಿಡಿಯುವುದೂ ಇದನ್ನೇ. ತಡಕ್ಕೆ ಸರಿಯಾದ ಕಾರಣ ಇದ್ದರೆ ಮನ್ನಿಸುವ ಅಧಿಕಾರ ಇದೆ. ಹಾಗಾಗಿ ಬಯಾಪ್ಸಿ ವರದಿ ಬಂದ ದಿನವನ್ನೇ ಶುರುವೆಂದು ಹಿಡಿದು ಅದೇ ತಿಂಗಳು ವಕೀಲರನ್ನು ಕಾಣಿ. ಒಬ್ಬರೇ ಮಾಲೀಕರ ಬಳಿ ಸತತ ಆರು ತಿಂಗಳಾದರೂ ದುಡಿದಿದ್ದರೆ ನಿಮ್ಮ ಕೈ ಗಟ್ಟಿ.

ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಮಂಗಳೂರು, ಉಡುಪಿ ಎರಡೂ ಕಡೆ ಇದೆ. ಫೋನ್ 15100. ಮಹಿಳೆಯರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಕೇಳದೆ ಉಚಿತ ವಕೀಲರನ್ನು ಕೊಡುತ್ತಾರೆ.

ಹಡಗಿನವರದ್ದು ಕರಾರು ಪತ್ರ ಮತ್ತು ಹಡಗಿನ ಬಾವುಟದ ಮೇಲೆ ನಿಂತ ವಿಷಯ, ನಾವಿಕರ ಯೂನಿಯನ್ ಮೂಲಕ ಹೋಗುವುದು ಒಳ್ಳೆಯದು. ಗಲ್ಫಿನವರದ್ದು ಆ ದೇಶದ ಕಾನೂನು. ದೊಡ್ಡ ಆಸೆ ಇಟ್ಟುಕೊಳ್ಳಬೇಡಿ.

ಫೋನಿನಲ್ಲಿ ಮೆಸೊಥೆಲಿಯೋಮಾ ಎಂದು ಹುಡುಕಿದರೆ ಅಮೆರಿಕದ ವಕೀಲರ ಜಾಹೀರಾತು ಸಾಲುಸಾಲಾಗಿ ಬರುತ್ತದೆ, ಕೋಟಿಗಟ್ಟಲೆ ಹಣದ ಮಾತು ಇರುತ್ತದೆ. ಅದು ಅಲ್ಲಿನ ಕಂಪನಿಗಳ ಮೇಲಿನ ದಾವೆಗಳ ಹಣ. ಅದನ್ನು ಕೊಡಿಸುತ್ತೇನೆ ಎಂದು ಇಲ್ಲಿ ಯಾರಾದರೂ ಮುಂಗಡ ಕೇಳಿದರೆ ಬಾಗಿಲು ತೋರಿಸಿ.

ಹೇಳಲು ಕಷ್ಟವಾದ ಮಾತು ಒಂದಿದೆ. ರೋಗಿ ತೀರಿಕೊಂಡರೆ ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರದಲ್ಲಿ "ಹೃದಯ, ಉಸಿರಾಟ ಸ್ತಂಭನ" ಎಂದಷ್ಟೇ ಬರೆಯುವುದು ರೂಢಿ. ಮೂಲ ಕಾರಣದ ಸಾಲಿನಲ್ಲಿ ಮೆಸೊಥೆಲಿಯೋಮಾ ಎಂದು ಬರೆಯಲು ಹೇಳಿ. ಮನೆಯಲ್ಲೇ ತೀರಿಕೊಂಡರೆ ನೋಡುತ್ತಿದ್ದ ಡಾಕ್ಟರಿಗೆ ಬಯಾಪ್ಸಿ ವರದಿ ತೋರಿಸಿ ಬರೆಸಿ. ಅವಲಂಬಿತರ ಅರ್ಜಿಗೆ ಇದು ಬೇಕೇಬೇಕು. ಆ ಹೊತ್ತಿನಲ್ಲಿ ಮನೆಯವರಿಗೆ ಇದು ನೆನಪಾಗುವುದಿಲ್ಲ, ಅದಕ್ಕೇ ನಂಬಿಕೆಯ ನೆಂಟರೊಬ್ಬರಿಗೆ ಮೊದಲೇ ಹೇಳಿಡಿ.

ಹಂತ 8: ಮನೆಯ ಉಳಿದವರು, ಮನೆಯ ಶೀಟು

ಜೊತೆಗೆ ದುಡಿದವರು, ಬಟ್ಟೆ ಒಗೆದವರು ಒಮ್ಮೆ ಶ್ವಾಸಕೋಶ ತಜ್ಞರನ್ನು ಕಂಡು ತಮ್ಮ ಕೆಲಸದ ಹಿನ್ನೆಲೆ ದಾಖಲಿಸಲಿ. ಬೀಡಿ ಬಿಡಲಿ. ಕಾಯಿಲೆ ಅಂಟುವುದಿಲ್ಲ, ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ.

ಕೊಟ್ಟಿಗೆ, ಬಚ್ಚಲುಮನೆಯ ಮೇಲಿನ ಹಳೆಯ ಶೀಟಿನ ವಿಷಯ. ಮಳೆಗಾಲಕ್ಕೆ ಮುಂಚೆ ತಂತಿ ಬ್ರಷ್ ಹಿಡಿದು ಪಾಚಿ ಉಜ್ಜುವುದನ್ನು ನಿಲ್ಲಿಸಿ. ಒಣಗಿದ ಶೀಟಿನ ಮೇಲೆ ಹಾಗೆ ಉಜ್ಜಿದರೆ ಬೂದಿಬಣ್ಣದ ಪುಡಿ ಎದ್ದು ಕೈ, ಲುಂಗಿ, ತಲೆಗೂದಲಿಗೆ ಕೂರುತ್ತದೆ. ಅಪಾಯ ಇರುವುದು ಆ ಪುಡಿಯಲ್ಲಿ. ಬಿರುಕು ಬಿಡದ ಶೀಟನ್ನು ಮುಟ್ಟದೆ ಬಿಡಿ. ಬದಲಿಸಲೇಬೇಕಾದರೆ ಮೊದಲು ಚೆನ್ನಾಗಿ ನೀರು ಸಿಂಪಡಿಸಿ, ಬೋಲ್ಟು ಬಿಚ್ಚಿ ಇಡೀ ಶೀಟನ್ನೇ ಇಳಿಸಿ. ಮೇಲಿನಿಂದ ಎಸೆಯಬೇಡಿ, ಮಷೀನು ಹಾಕಿ ಕತ್ತರಿಸಬೇಡಿ. ಬಟ್ಟೆಯ ಮಾಸ್ಕ್ ಈ ನಾರನ್ನು ತಡೆಯುವುದಿಲ್ಲ. ಎಫ್‌ಎಫ್‌ಪಿ3 ಅಥವಾ ಪಿ100 ಫಿಲ್ಟರಿನ ಮಾಸ್ಕ್ ಬೇಕು. ಮಕ್ಕಳು ಹತ್ತಿರ ಬಾರದಿರಲಿ. ಹಾಕಿದ ಬಟ್ಟೆಯನ್ನು ಕೊಡವದೆ ಬೇರೆಯಾಗಿ ನೆನೆಸಿ ಒಗೆಯಿರಿ. ಬಿದ್ದ ಚೂರುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಹಿಡಿಸೂಡಿಯಲ್ಲಿ ಗುಡಿಸಬೇಡಿ. ತುಂಡುಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿ, ಎಲ್ಲಿಗೆ ಹಾಕುವುದೆಂದು ಪಾಲಿಕೆಯನ್ನೋ ಪಂಚಾಯತನ್ನೋ ಶೀಟು ಇಳಿಸುವ ಮೊದಲೇ ಕೇಳಿಕೊಳ್ಳಿ. ತೋಟದ ದಾರಿಯ ಹೊಂಡ ತುಂಬಿಸಲು ಮಾತ್ರ ಅದನ್ನು ಹಾಕಬೇಡಿ. ಗಾಡಿ ಓಡಾಡಿದಷ್ಟೂ ಅದು ಪುಡಿಯಾಗುತ್ತಲೇ ಇರುತ್ತದೆ.